‘ಆತ್ರೀ’ ಎನ್ನುವ ಉತ್ತರ

ನಮ್ಮ ಕೆಲಸದಲ್ಲಿ ನಾಚಿಕೆ ಬಿಟ್ಟು ಕೇಳಬೇಕಾದ ಪ್ರಶ್ನೆಗಳೇ ಹೆಚ್ಚು. ಹೊಟ್ಟೆಯ ಆಪರೇಶನ್ ಆದವರ ಮಂಚದ ಹತ್ತಿರ ಹೋಗಿ, ಸುತ್ತಲೂ ಬಂಧುಬಳಗ ನಿಂತಿರುವಾಗಲೇ, "ಗಾಳಿ ಹೋತೇನ್ರಿ?" ಎಂದು ಕೇಳಬೇಕು. ಕರುಳು ಮತ್ತೆ ಕೆಲಸ ಶುರು ಮಾಡಿದೆ ಎನ್ನುವುದಕ್ಕೆ ಅದೇ ಗುರುತು, ಅಲ್ಲಿಯತನಕ ಬಾಯಿಗೆ ಏನೂ ಇಲ್ಲ. ಊರಲ್ಲಿ ಪಂಚಾಯ್ತಿ ಮಾಡುವ ಗಟ್ಟಿ ಗಂಡಸರೂ ಈ ಪ್ರಶ್ನೆ ಕೇಳಿದರೆ ಗೋಡೆ ಕಡೆ ಹೊರಳುತ್ತಾರೆ. ಅತ್ತೆಯ ಎದುರಿಗೆ ಸೊಸೆ ಬಾಯಿ ಬಿಡುವುದಿಲ್ಲ, ಸೊಸೆಯ ಎದುರಿಗೆ ಮಾವ ಬಿಡುವುದಿಲ್ಲ. "ಹೇಳಂಗಿಲ್ಲಂದ್ರ ಇವತ್ತೂ ಚಾ ಇಲ್ಲ ನೋಡ್ರಿ" ಎಂದು ನಾನು ಗದರಿಸಿದ ಮೇಲೆ ಮೆಲ್ಲಗೆ ತಲೆ ಆಡುತ್ತದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಲಬುರಗಿಯ ನಮ್ಮ ಸರ್ಜರಿ ವಾರ್ಡಿಗೆಲ್ಲ ಗೊತ್ತು.

ಇಷ್ಟೆಲ್ಲ ಕೇಳಿ ಪಳಗಿದ ನನ್ನನ್ನು ದಾರಿ ತಪ್ಪಿಸಿದ್ದು ಎಲ್ಲಕ್ಕಿಂತ ಸಾದಾ ಪ್ರಶ್ನೆ. "ಊಟ ಆತೇನ್ರಿ?"

ನಮ್ಮ ಕಡೆ ಇದನ್ನು ಪ್ರಶ್ನೆ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸೀರೆ ಅಂಗಡಿಯವರು ಗಂಟು ಬಿಚ್ಚುವ ಮೊದಲು ಕೇಳುತ್ತಾರೆ, ಸ್ಟೇಶನ್ ಬಜಾರಿನ ಆಟೋದವನು ಬಾಡಿಗೆ ಹೇಳುವ ಮೊದಲು ಕೇಳುತ್ತಾನೆ. ರೋಜಾ ಬಡಾವಣೆಯ ನಮ್ಮ ಮನೆಯಲ್ಲಿ ನಾನು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ ಅಮ್ಮಿ "ಖಾನಾ ಹೋಗಯಾ?" ಅನ್ನುತ್ತಾರೆ. ಭಾಷೆ ಬೇರೆ, ಉತ್ತರ ಒಂದೇ. "ಆತ್ರೀ, ನಿಮ್ಮದು?" ಇಲ್ಲ ಅಂದರೆ ಕಷ್ಟ. ಕೇಳಿದವರು ಕೆಲಸ ಬಿಟ್ಟು ತಾಟು ಹಾಕಬೇಕಾಗುತ್ತದೆ, ನಾವು ಊಟ ಬೇಡಲು ಬಂದವರ ಹಾಗೆ ಕಾಣುತ್ತೇವೆ. ಹಾಗಾಗಿ ಹೊಟ್ಟೆ ಚುರುಗುಡುತ್ತಿದ್ದರೂ ಆತ್ರೀ ಅನ್ನುವುದು ಮರ್ಯಾದೆ. ಹುಟ್ಟಿದಾಗಿನಿಂದ ಹೀಗೇ ಹೇಳಿ ಹೇಳಿ ನಾಲಿಗೆಗೆ ಅದು ತಾನೇ ಬರುತ್ತದೆ.

ಈ ಉತ್ತರದಿಂದ ನನ್ನನ್ನು ದಾರಿ ತಪ್ಪಿಸಿದ ರೋಗಿ ಕಮಲಾಪುರದವರು. ಬಸ್ ನಿಲ್ಲುವ ಜಾಗದ ಹತ್ತಿರ ಗಂಡ ಹೆಂಡತಿ ಸೇರಿ ಖಾನಾವಳಿ ನಡೆಸುತ್ತಿದ್ದರು. ಒಳಗೆ ಆಕೆ ರೊಟ್ಟಿ ಬಡಿಯುವುದು, ಹೊರಗೆ ಆತ ಬಡಿಸುವುದು. ಆಕೆಯ ವಯಸ್ಸು ಐವತ್ತರ ಆಸುಪಾಸು. ಕರುಳು ತಿರುಚಿಕೊಂಡು ಕಪ್ಪಾಗಿತ್ತು, ರಾತ್ರೋರಾತ್ರಿ ಆ ತುಂಡನ್ನು ತೆಗೆದಿದ್ದರು. ಉಳಿದ ಕರುಳಿನ ಬಾಯಿಯನ್ನು ಹೊಟ್ಟೆಯ ಎಡಬದಿಗೆ ಹೊರಗೆ ತಂದು ಅದರ ಮೇಲೆ ಒಂದು ಚೀಲ ಅಂಟಿಸಿದ್ದರು. ಇನ್ನು ಕೆಲವು ತಿಂಗಳು ಮಲವೆಲ್ಲ ಅದರಲ್ಲೇ. ಮೈ ತುಂಬಿಕೊಂಡ ಮೇಲೆ ಇನ್ನೊಂದು ಆಪರೇಶನ್ ಮಾಡಿ ಒಳಗೆ ಜೋಡಿಸುವುದು ಎಂದು ಡಾಕ್ಟರು ಹೇಳಿದ್ದರು. ವಾರ್ಡಿನಲ್ಲಿ ನಾವು ಅವರನ್ನು ಖಾನಾವಳಿ ಅವ್ವ ಎನ್ನುತ್ತಿದ್ದೆವು.

ಗಂಡ ದಿನಾ ಮುಂಜಾನೆಯ ಬಸ್ಸಿಗೆ ಡಬ್ಬಿ ಹಿಡಿದುಕೊಂಡು ಬರುತ್ತಿದ್ದರು, ಸ್ವಲ್ಪ ಹೊತ್ತು ಸ್ಟೂಲಿನ ಮೇಲೆ ಕೂತು, ಖಾನಾವಳಿಯ ಹೊತ್ತಾಯಿತು ಎಂದು ಹೊರಡುತ್ತಿದ್ದರು. ಮೆತ್ತಗೆ ಬೇಯಿಸಿದ ಅನ್ನ, ಗಟ್ಟಿ ಬೇಳೆ, ಮೊಸರು, ಜೊತೆಗೆ ಊರಿನ ಕೆಂಪು ಬಾಳೆಹಣ್ಣು. ನಾನು ಔಷಧದ ಗಾಡಿ ತಳ್ಳಿಕೊಂಡು ಬರುವ ಹೊತ್ತಿಗೆ ಡಬ್ಬಿ ಖಾಲಿಯಾಗಿ ತೊಳೆದಿಟ್ಟಿರುತ್ತಿತ್ತು.

"ಊಟ ಆತೇನ್ರೀ ಅವ್ವಾ?"

"ಆತ್ರೀ ಸಿಸ್ಟರ್. ನಿಮ್ಮದು?"

"ನಂದೂ ಆತು."

ಇಷ್ಟಕ್ಕೆ ಇಬ್ಬರ ಕೆಲಸವೂ ಮುಗಿಯುತ್ತಿತ್ತು. ಆದರೆ ಹೊಟ್ಟೆಯ ಗಾಯ ಮಾತ್ರ ನಮ್ಮ ಮಾತನ್ನು ಕೇಳಲಿಲ್ಲ. ಕೆಳಗಿನ ಕಡೆ ಹೊಲಿಗೆ ಬಿಟ್ಟುಕೊಂಡಿತು. ದಿನಾ ಡ್ರೆಸ್ಸಿಂಗ್ ಬಿಚ್ಚಿದಾಗ ಒಳಗೆ ಕೆಂಪು ಮಾಂಸ ಬೆಳೆಯುತ್ತಿರಬೇಕು, ಅಲ್ಲಿ ಬಿಳಿಚಿಕೊಂಡು ಸುಮ್ಮನೆ ಕೂತಿತ್ತು. ಕಾಲಿಗೆ ಬಾವು ಬಂತು. ರೌಂಡಿಗೆ ಬಂದ ಡಾಕ್ಟರು ರಕ್ತದ ವರದಿ ನೋಡಿ ನನ್ನ ಮುಖ ನೋಡಿದರು.

"ಇವರು ಊಟ ಮಾಡ್ತಾರೇನ್ರಿ?"

"ಮಾಡ್ತಾರ ಸರ್."

"ಮತ್ತ ಪ್ರೋಟೀನ್ ಹಿಂಗ್ಯಾಕ ಇಳದದ?"

ಬಾಗಿಲ ಹೊರಗೆ ಬಂದ ಮೇಲೆ ಅವರು ಇನ್ನೂ ಸ್ಪಷ್ಟವಾಗಿ ಹೇಳಿದರು. ಗಾಯ ಹೀಗೇ ಹೋದರೆ ಒಂದು ದಿನ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಮತ್ತೆ ಥಿಯೇಟರಿಗೆ ಒಯ್ಯಬೇಕಾಗುತ್ತದೆ, ಈ ಮೈ ಅದನ್ನು ತಡೆಯುವುದಿಲ್ಲ. ಅವತ್ತಿನಿಂದ ಬರೀ ಊಟ ಆಯಿತೇ ಎಂದು ಕೇಳುವುದನ್ನು ಬಿಟ್ಟು ಏನು ಉಂಡಿರಿ ಎಂದು ಕೇಳತೊಡಗಿದೆ. ಅಡುಗೆಯವರನ್ನು ಹಾಗೆ ಕೇಳಿದರೆ ಮುಗಿಯಿತಲ್ಲ. ಬೇಳೆಗೆ ಯಾವ ಒಗ್ಗರಣೆ ಬಿದ್ದಿತ್ತು, ಮೊಸರು ಎಷ್ಟು ಹುಳಿ ಬಂದಿತ್ತು, ಗಂಡ ಅನ್ನಕ್ಕೆ ನೀರು ಹೆಚ್ಚು ಹಾಕಿದ್ದು ಯಾಕೆ ತಪ್ಪು, ಎಲ್ಲವನ್ನೂ ಎಷ್ಟು ರುಚಿಯಾಗಿ ಹೇಳಿದರೆಂದರೆ ನನ್ನ ಬಾಯಲ್ಲೇ ನೀರು ಬಂತು. ಇಷ್ಟು ಉಂಡೂ ಮೈಗೆ ಹತ್ತುವುದಿಲ್ಲವಲ್ಲ, ಒಳಗೆ ಇನ್ನೇನೋ ಕಾಯಿಲೆ ಇರಬೇಕು ಎಂದು ನಾವೆಲ್ಲ ಚಿಂತೆ ಮಾಡಿದೆವು.

ಅಷ್ಟರಲ್ಲಿ ರಂಜಾನ್ ಬಂತು. ಮೊದಲ ರೋಜಾ, ಅಂದರೆ ಮೊದಲ ಉಪವಾಸದ ದಿನ ನಾನು ಮುಂಜಾನೆಯ ಡ್ಯೂಟಿಯಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿ, ಯಾರನ್ನೂ ಬೈಯುವ ತ್ರಾಣವೂ ಉಳಿದಿರಲಿಲ್ಲ. ಆ ತಿಂಗಳು ವಾರ್ಡಿನವರಿಗೆ ನನ್ನಿಂದ ಸಿಗುವ ದೊಡ್ಡ ಉಪಕಾರ ಅದು. ಖಾನಾವಳಿ ಅವ್ವನ ಹತ್ತಿರ ಬಂದೆ.

"ಊಟ ಆತೇನ್ರೀ?"

"ಆತ್ರೀ. ನಿಮ್ಮದು?"

"ಆತ್ರೀ" ಎಂದೆ, ಮುಂದಿನ ಮಂಚಕ್ಕೆ ಹೋದೆ.

ಸೂಜಿಗೆ ಔಷಧ ಎಳೆಯುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಹೊತ್ತು ಹುಟ್ಟುವ ಮೊದಲಿನಿಂದ ಉಗುಳು ನುಂಗುವುದಕ್ಕೂ ಯೋಚನೆ ಮಾಡುತ್ತಿರುವವಳು, ಊಟ ಆಯಿತು ಎಂದು ಎಷ್ಟು ಸರಾಗವಾಗಿ ಹೇಳಿದೆ! ಮನಸ್ಸಿನಲ್ಲಿ ಸುಳ್ಳು ಹೇಳುವ ಉದ್ದೇಶವೇ ಇರಲಿಲ್ಲ. ಅವರು ಕೇಳಿದರು, ಬಾಯಿ ಹೇಳಿತು. ಹಾಗಾದರೆ ನಾನು ಕೇಳಿದಾಗ ಅವರ ಬಾಯಿ ಹೇಳುತ್ತಿದ್ದದ್ದೂ ಇದೇ ಆತ್ರೀ ಇರಬಹುದಲ್ಲ!

ತಿರುಗಿ ಹೋಗಿ ಅವರ ಹೊದಿಕೆ ಸರಿಸಿ ಚೀಲ ಮುಟ್ಟಿ ನೋಡಿದೆ. ಚಪ್ಪಟೆಯಾಗಿತ್ತು. ಹಿಂದಿನ ದಿನವೂ ಹಾಗೇ ಇತ್ತು, ಅದರ ಹಿಂದಿನ ದಿನವೂ. ಕರುಳು ಎದ್ದಿದೆ, ಆದರೆ ಇನ್ನೂ ನಿಧಾನ ಎಂದು ನಾವು ಅಂದುಕೊಂಡಿದ್ದೆವು. ಪಕ್ಕದ ಮಂಚದಲ್ಲಿ ಮಗಳನ್ನು ನೋಡಿಕೊಳ್ಳಲು ಬಂದಿದ್ದ ಮುದುಕಿಯನ್ನು ವರಾಂಡಕ್ಕೆ ಕರೆದು, ಇವರ ಡಬ್ಬಿ ಯಾರು ಉಣ್ಣುತ್ತಾರೆ ಎಂದು ಕೇಳಿದೆ.

"ನನಗ ಕೊಡ್ತಾರ್ರೀ ಯವ್ವಾ. ನಂದು ಆಗ್ಯದ, ಉಳದದ್ದು ಚೆಲ್ಲಬಾರ್ದು ಅಂತಾರ" ಎಂದಿತು ಮುದುಕಿ. ಸ್ವಲ್ಪ ತಡೆದು, "ಬ್ಯಾಳಿ ಭಾಳ ಛಲೋ ಇರ್ತದ" ಎಂದೂ ಸೇರಿಸಿತು. ಆ ಮುದುಕಿಯ ಕೆನ್ನೆ ನಮ್ಮ ವಾರ್ಡಿಗೆ ಬಂದ ಮೇಲೆ ತುಂಬಿಕೊಂಡದ್ದನ್ನು ನಾನು ಅವತ್ತು ಗಮನಿಸಿದೆ.

ಸಿಟ್ಟು ನೆತ್ತಿಗೇರಿತು. ಪರದೆ ಎಳೆದು ಮಂಚದ ಅಂಚಿಗೆ ಕೂತೆ. "ಸಾಯಬೇಕಂತ ಮಾಡೀರೇನ್ರಿ? ಹಂಗಿದ್ರ ಹೇಳ್ರಿ, ದಿನಾ ಈ ಗಾಯ ತೊಳ್ಯೂದು ನನಗರ ತಪ್ಪತದ" ಎಂದೆ. ಅಷ್ಟು ಒರಟಾಗಿ ಮಾತಾಡಬಾರದಿತ್ತು, ಆದರೆ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಹೆದರಿಕೆಯಾದಾಗ ನನಗೆ ಬರುವುದು ಬೈಗುಳವೇ.

ಅವರು ಸೀರೆಯ ಸೆರಗನ್ನು ಚೀಲದ ಮೇಲೆ ಎಳೆದುಕೊಂಡರು.

"ಉಂಡ್ರ ಇದು ತುಂಬತದಲ್ರೀ" ಎಂದರು.

"ತುಂಬಲಿ. ತುಂಬಲಿ ಅಂತೇ ಹಾಕೀವಿ."

"ತುಂಬಿದ್ರ ನಮ್ಮ ಮನಿಯವರು ತಗೀಬೇಕು. ಒಮ್ಮಿ ತಗದ್ರು. ತಗಿಯೂಮುಂದ ಮಾರಿ ಹಿಂಗ ಆ ಕಡೆ ಮಾಡಿದ್ರು." ಅವರು ಮುಖ ತಿರುಗಿಸಿ ತೋರಿಸಿದರು. "ಆ ಕೈಲೇ ಹೋಗಿ ಮಂದಿಗಿ ಬಡಸಬೇಕಲ್ರೀ ಅವರು. ಇಷ್ಟು ವರ್ಷ ಅವರ ತಾಟು ನಾ ತೊಳದೀನಿ. ಈಗ ನನ್ನ ಹೊಲಸು ಅವರು ತೊಳೀಬೇಕೇನ್ರಿ? ಊರಾಗ ತಿಳದ್ರ ನಮ್ಮ ಖಾನಾವಳಿಗಿ ಯಾರು ಬರ್ತಾರ? ಹೊಟ್ಟಿಗಿ ಚೀಲ ಕಟಗೊಂಡು ನಾ ಬಡದ ರೊಟ್ಟಿ ಯಾರು ಉಣ್ತಾರ?"

ಚೀಲದ ಬಗ್ಗೆ ತರಬೇತಿಯಲ್ಲಿ ಕಲಿತದ್ದೆಲ್ಲ ನೆನಪಿತ್ತು. ಚರ್ಮ ಹೇಗೆ ಒರೆಸಬೇಕು, ಅಂಟಿನ ತೂತನ್ನು ಎಷ್ಟು ಅಗಲ ಕತ್ತರಿಸಬೇಕು, ಯಾವಾಗ ಬದಲಿಸಬೇಕು. ಚೀಲ ಖಾಲಿ ಇರಲಿ ಎಂದು ಒಬ್ಬರು ಉಪವಾಸ ಬೀಳಬಹುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗೆ ನೋಡಿದರೆ ಆಕೆ ಜೀವನವಿಡೀ ಎಲ್ಲರದೂ ಆದ ಮೇಲೆ, ಉಳಿದಿದ್ದರೆ ಉಂಡವರು. ಉಳಿಯದ ದಿನವೂ ಆತ್ರೀ ಎಂದವರು. ಅವರಿಗೆ ಇದು ಹೊಸದೇನಲ್ಲ.

ಅಷ್ಟರಲ್ಲಿ ಅವರೇ ನನ್ನನ್ನು ನೋಡಿ, "ನೀವೂ ಇವತ್ತು ರೋಜಾ ಅದೀರಿ. ತುಟಿ ನೋಡಿದ್ರ ತಿಳೀತದ. ಹಸದವರ ಮಾರಿ ನನಗ ಗೊತ್ತಾಗ್ತದ್ರಿ, ದಿನಾ ನೋಡಾಕಿ" ಎಂದರು. "ಮತ್ತ ಆಗಳೆ ಆತು ಅಂದ್ರಿ?"

ಸಿಕ್ಕಿಬಿದ್ದೆ. ಇಬ್ಬರಿಗೂ ಸಣ್ಣಗೆ ನಗು ಬಂತು. ನಗುತ್ತಲೇ ನಾನು ಕೇಳಿದೆ: "ನನ್ನ ರೋಜಾ ಹೊತ್ತು ಮುಳುಗಿದ್ರ ಬಿಡ್ತದ ರೀ. ನಿಮ್ಮದು ಯಾವಾಗ ಬಿಡ್ತದ?"

ಅವರ ನಗು ನಿಂತುಹೋಯಿತು.

ನಾನು ಹಟಮಾರಿ. ಮರುದಿನದಿಂದ ಮಧ್ಯಾಹ್ನದ ಡ್ಯೂಟಿ ಹಾಕಿಸಿಕೊಂಡೆ. ಖಾನಾವಳಿ ಅವ್ವನಿಗೆ ಹೇಳಿದೆ: "ಸಂಜೀಕ ನಿಮ್ಮ ಹಂತೇಕ ಕುಂತು ರೋಜಾ ಬಿಡ್ತೀನಿ. ನೀವು ಬಾಯಾಗ ತುತ್ತು ಇಡೂತನಕ ನಾ ಇಡಂಗಿಲ್ಲ."

"ಹಂಗ ಮಾಡಬಾರ್ದ್ರಿ, ಪಾಪ ಬರ್ತದ."

"ಬರ್ತದ. ನಿಮಗೇ ಬರ್ತದ."

ಮನೆಯಲ್ಲಿ ಈ ವಿಷಯ ಹೇಳಿದಾಗ ಅಮ್ಮಿ ನನ್ನನ್ನೇ ಬೈದರು. ರೋಜಾ ಬಿಡುವುದನ್ನು ತಡಮಾಡಬಾರದು, ಅಷ್ಟೂ ತಿಳಿಯದೇ ಎಂದರು. ಬೈಯುತ್ತಲೇ ನನ್ನ ಡಬ್ಬಿಗೆ ಇನ್ನಷ್ಟು ಖರ್ಜೂರ ತುಂಬಿದರು. "ಉಸ್ಕು ಭೀ ದೇ, ಭೂಕೀ ಹೈ ಬಿಚಾರಿ" ಎಂದರು, ಆಕೆಗೂ ಕೊಡು, ಪಾಪ ಹಸಿದಿದ್ದಾಳೆ ಎಂದು.

ಸಂಜೆ ಅಜಾನ್ ಕೇಳಿಸಿತು. ನಾನು ಖರ್ಜೂರ ಕೈಯಲ್ಲಿ ಹಿಡಿದು ಅವರ ಮುಖ ನೋಡುತ್ತಾ ಕೂತೆ. ಅವರ ಕೈಯಲ್ಲಿ ಸುಲಿದ ಕೆಂಪು ಬಾಳೆಹಣ್ಣು. ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ನನಗೆ ತಲೆ ತಿರುಗುವಷ್ಟು ಹಸಿವು. ಇದೆಲ್ಲಿ ನಾಟಕ ಶುರು ಮಾಡಿದೆ ಎಂದು ನನ್ನನ್ನೇ ಶಪಿಸಿಕೊಂಡೆ. ಆದರೆ ಎದುರಿಗೆ ಕೂತವರನ್ನು ಹಸಿದಿರಲು ಬಿಡುವ ಕೈ ಅಲ್ಲ ಅವರದು. ಅದು ನನಗೆ ಗೊತ್ತಿತ್ತು, ಅದರ ಮೇಲೇ ನನ್ನ ಆಟ ನಿಂತಿತ್ತು. "ಸಾಕು ಬಾಯಿ ಹಾಕ್ರಿ ನೀವು" ಎಂದು ನನಗೆ ಗದರಿಸಿ ಹಣ್ಣನ್ನು ಕಚ್ಚಿದರು. ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಸುಮ್ಮನೆ ಯಾಕೆ ಮುಚ್ಚಿಡಲಿ. ಆಮೇಲೆ ಬೇಳೆ ಕಲಸಿದ ಅನ್ನ ನಾಲ್ಕು ತುತ್ತು ಹೋಯಿತು. ಪಕ್ಕದ ಮುದುಕಿ ತನ್ನ ಪಾಲು ಹೋಯಿತೆಂದು ಬೇಸರ ಮಾಡಿಕೊಳ್ಳದೆ, "ಉಣ್ಣು ನನ್ನವ್ವಾ" ಎನ್ನುತ್ತಾ ಕೂತಿತು.

ತಿಂದಮೇಲೆ ಚೀಲ ತುಂಬಲೇಬೇಕು, ಮರುದಿನ ತುಂಬಿತು. ಅವರು ಅದನ್ನು ಸೆರಗಿನಿಂದ ಮುಚ್ಚಿಕೊಂಡು ತಪ್ಪು ಮಾಡಿದವರ ಹಾಗೆ ಮಲಗಿದ್ದರು. ನಾನು ಅವರ ಕೈಗೇ ಗ್ಲೌಸ್ ಕೊಟ್ಟೆ. ಕೆಳಗಿನ ಕ್ಲಿಪ್ ತೆಗೆಯುವುದು, ಬೇಸಿನ್‌ಗೆ ಇಳಿಸುವುದು, ತುದಿ ಒರೆಸಿ ಮತ್ತೆ ಕ್ಲಿಪ್ ಹಾಕುವುದು. ಮೊದಲ ಸಲ ಚಾದರಕ್ಕೆಲ್ಲ ಚೆಲ್ಲಿತು. ಎರಡನೆಯ ಸಲ ನಾನು ಬರೀ ನಿಂತು ನೋಡಿದೆ. ಕೈ ಸೋಪಿನಿಂದ ತೊಳೆದುಕೊಂಡು ಬಂದವರು, "ಕೈಯಂತೂ ನನ್ನದೇ ರೀ, ಅವರದಲ್ಲ" ಎಂದರು.

ಗಂಡನನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಡ್ಯೂಟಿಗೆ ಮೊದಲೇ ಮುಂಜಾನೆ ಹೋಗಿ, ಅವರು ಬಸ್ಸಿಗೆ ಹೊರಟಾಗ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದೆ. "ಒಮ್ಮಿ ಚೀಲ ತಗಿಯೂಮುಂದ ಮಾರಿ ತಿರುವಿದ್ರಂತಲ್ರೀ?"

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾ, "ಹೌದ್ರಿ, ತಿರುವಿದೆ" ಎಂದರು. "ಆಕಿ ಭಾಳ ಮರ್ಯಾದಿ ಹೆಣಮಗಳು. ನಾ ಅದನ್ನೆಲ್ಲ ನೋಡಾಕತ್ತೀನಿ ಅಂತ ಆಕಿಗಿ ತಿಳದ್ರ ನಾಚಿಕಿಯಿಂದ ಸತ್ತಹೋಗ್ತಾಳಂತ ತಿರುವಿದೆ ರೀ. ನನಗೇನು ಹೇಸಿಕಿ ಇಲ್ಲ."

ಅಯ್ಯೋ ದೇವರೇ ಎಂದು ನಾನು ಗೋಡೆಗೆ ಒರಗಿದೆ. ಗಂಡ ಹೆಂಡತಿಯ ಮರ್ಯಾದೆ ಕಾಯಲು ಮುಖ ತಿರುಗಿಸಿದರು, ಹೆಂಡತಿ ಗಂಡನ ಮರ್ಯಾದೆ ಕಾಯಲು ಊಟ ಬಿಟ್ಟರು, ಆಕೆ ಮರ್ಯಾದೆಗೆಂದು ಹೇಳಿದ ಆತ್ರೀಯನ್ನು ನಾನು ನಂಬಿದೆ. ಎಲ್ಲರೂ ಒಳ್ಳೆಯವರೇ, ನಡುವೆ ಒಂದು ಗಾಯ ಮಾತ್ರ ಬಿಚ್ಚುತ್ತಾ ಹೋಯಿತು. "ಇದನ್ನ ನನಗ್ಯಾಕ ಹೇಳ್ತೀರಿ, ಆಕಿಗಿ ಹೇಳ್ರಿ" ಎಂದು ಅವರನ್ನು ತಿರುಗಿ ಒಳಗೆ ಅಟ್ಟಿದೆ.

ಅವರು ಹೇಳಲಿಲ್ಲ. ಅಂಥ ಮಾತು ಅವರಿಬ್ಬರ ನಡುವೆ ಎಂದೂ ಬಂದಿದ್ದಿಲ್ಲವೇನೋ. ಆದರೆ ಮರುದಿನ ಮುಂಜಾನೆ ಅಂಗಿಯ ತೋಳು ಮೇಲೇರಿಸಿ ಮಂಚದ ಪಕ್ಕ ಕೂತು, ಹೆಂಡತಿ ಚೀಲ ಖಾಲಿ ಮಾಡುವುದನ್ನು ಕಣ್ಣು ಕೀಳದೆ ನೋಡಿದರು.

"ಹಂಗ್ಯಾಕ ನೋಡ್ತೀರಿ?" ಎಂದು ಆಕೆ ಸಿಡುಕಿದರು.

"ಕಲೀಬೇಕಲ್ಲ" ಎಂದರು ಆತ. ಬೇಸಿನ್ ಎತ್ತಿಕೊಂಡು ಹೋಗಿ ತೊಳೆದು ತಂದಿಟ್ಟರು. ಅವತ್ತು ಆಕೆ ಮುಂಜಾನೆಯ ಡಬ್ಬಿಯನ್ನು ಗಂಡನ ಎದುರಿಗೇ ಉಂಡರು. ನಾನು ಮಧ್ಯಾಹ್ನ ಬಂದಾಗ ಇದನ್ನೆಲ್ಲ ಮುದುಕಿ ನನಗೆ ವರದಿ ಮಾಡಿತು.

ಈದ್ ಹತ್ತಿರ ಬರುವ ಹೊತ್ತಿಗೆ ಗಾಯದ ತಳದಲ್ಲಿ ಕೆಂಪು ಕಾಣಿಸಿಕೊಂಡಿತು. ಕಾಲಿನ ಬಾವು ಇಳಿಯಿತು. ಡಾಕ್ಟರು ಮನೆಗೆ ಕಳಿಸಲು ಒಪ್ಪಿದರು. ದಿನಾ ಹೀಗೇ ಉಂಡರೆ ಗಾಯ ಮುಚ್ಚುತ್ತದೆ, ಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೇ ಬರುತ್ತೀರಿ ಎಂದು ಇಬ್ಬರನ್ನೂ ಕೂರಿಸಿ ಹೇಳಿ, ಒಂದು ಸೋಮವಾರ ತೋರಿಸಲು ಬರಬೇಕೆಂದರು.

ಆ ಸೋಮವಾರ ಅವರು ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಹತ್ತಲಿಲ್ಲ. ನನಗೆ ಏನೇನೋ ಯೋಚನೆ. ವಾರ್ಡಿನಲ್ಲಿ ಎದುರಿಗೆ ಕೂತು ಉಣ್ಣಿಸುವುದು ಬೇರೆ, ಊರಲ್ಲಿ ಖಾನಾವಳಿ ತುಂಬ ಜನ ಕೂತಿರುವಾಗ ಒಳಗಿರುವ ಹೆಂಗಸು ಉಂಡಳೋ ಇಲ್ಲವೋ ಎಂದು ನೋಡುವವರು ಯಾರು? ಯಾರೋ ಒಬ್ಬ ಗಿರಾಕಿ ಮೂಗು ಮುರಿದಿದ್ದರೂ ಸಾಕು, ಆಕೆ ಮತ್ತೆ ಡಬ್ಬಿ ಮುಚ್ಚುತ್ತಾರೆ. ವಾರದ ರಜೆಯ ದಿನ, ಬಾಳೆಹಣ್ಣು ತರುತ್ತೇನೆ ಎಂದು ಅಮ್ಮಿಗೆ ಹೇಳಿ ಕಮಲಾಪುರದ ಬಸ್ ಹತ್ತಿದೆ. ರಸ್ತೆಯ ಬದಿಗೆ ಕೆಂಪು ಗೊನೆಗಳು ತೂಗಾಡುತ್ತಿದ್ದವು. ಅವುಗಳ ಕಡೆ ತಿರುಗಿಯೂ ನೋಡದೆ ನೇರ ಖಾನಾವಳಿಗೆ ಹೋದೆ. ದಾರಿಯುದ್ದಕ್ಕೂ ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ.

ಮಧ್ಯಾಹ್ನದ ಹೊತ್ತು, ಬೆಂಚುಗಳೆಲ್ಲ ತುಂಬಿದ್ದವು. ಆದರೆ ತಾಟುಗಳು ಖಾಲಿ. ಜನ ಕೈ ತೊಳೆದುಕೊಂಡು ಸುಮ್ಮನೆ ಕೂತಿದ್ದರು. ಒಬ್ಬ ಲಾರಿ ಡ್ರೈವರ್ ತಾಳ್ಮೆಗೆಟ್ಟು, "ಏನ್ರೀ, ರೊಟ್ಟಿ ಬರಂಗಿಲ್ಲೇನ್ರಿ?" ಎಂದ. ರೊಟ್ಟಿ ಬಡಿಯುವವರೇ ಇಲ್ಲವೇ!

ಗಂಡ ನೀರಿನ ತಂಬಿಗೆ ಹಿಡಿದು ಒಳಗಿನಿಂದ ಬಂದರು. "ತಡೀರಿ ಸ್ವಲ್ಪ" ಎಂದರು ಅವನಿಗೆ, ಎಲ್ಲರಿಗೂ ಕೇಳಿಸುವ ಹಾಗೆ. "ಆಕಿ ಉಣ್ಣಾಕತ್ತಾಳ. ಆಕಿದು ಆದ ಮ್ಯಾಲ ನಿಮ್ಮದು."

ಆಮೇಲೆ ನನ್ನನ್ನು ಕಂಡು ತಂಬಿಗೆ ಕೆಳಗಿಟ್ಟರು. ನಾನು ಮಾತಾಡದೆ ಅವರನ್ನು ದಾಟಿ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಹಂಚು ಕಾಯುತ್ತಿತ್ತು, ನಾದಿದ ಹಿಟ್ಟು ಪಕ್ಕದಲ್ಲಿತ್ತು. ಖಾನಾವಳಿ ಅವ್ವ ಮಣೆಯ ಮೇಲೆ ಕೂತು, ತಾಟು ತೊಡೆಯ ಹತ್ತಿರ ಎಳೆದುಕೊಂಡು, ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ನಿಧಾನವಾಗಿ ಅಗಿಯುತ್ತಿದ್ದರು. ನನ್ನನ್ನು ನೋಡಿ ಏಳಹೋದರು. "ಕೂಡ್ರಿ ಸುಮ್ಮ" ಎಂದು ಗದರಿಸಿದೆ. ಎಡಗೈಯಿಂದ ಸೆರಗು ಸರಿಸಿ ತೋರಿಸಿದರು. ಚೀಲ ಅದರ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಪಕ್ಕದಲ್ಲಿ ಗಾಯ ಒಣಗಿ, ತೆಳುವಾದ ಹೊಸ ಚರ್ಮ ಬಂದಿತ್ತು. ಆಸ್ಪತ್ರೆಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ, ಸೋಮವಾರ ಸಂತೆಯ ಗದ್ದಲ, ಗಿರಾಕಿ ಬಿಡಲಿಲ್ಲ ಎಂದರು. ಜೋಡಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಅದೇ ಹಳೆಯ ಮಾತು.

"ಊಟ ಆತೇನ್ರೀ ಅವ್ವಾ?"

ಹೊರಗೆ ಯಾರೋ ತಾಟು ಬಡಿದರು. ಆಕೆ ಬಾಯಲ್ಲಿದ್ದ ತುತ್ತನ್ನು ನುಂಗಿ, ಕೈಯನ್ನು ಇನ್ನೊಂದು ರೊಟ್ಟಿಗೆ ಚಾಚಿದರು.

"ಇನ್ನೂ ಆಗಿಲ್ಲ ರೀ" ಎಂದರು. "ಹಸಿವ್ಯಾಗ್ಯದ."